ಡಾಕ್ಟರ ಬಾಯಿಂದ ಬರಬೇಕಾದ ಮಾತು

ಶ್ರೀನಿವಾಸಪುರ
12 ಆಗಸ್ಟ್ 2024

ಪ್ರೀತಿಯ ರಜನಿಗೆ,

ಅಕ್ಕನ ಆಶೀರ್ವಾದ. ನಾವೆಲ್ಲ ಇಲ್ಲಿ ಇದ್ದೇವೆ. ಕ್ಷೇಮ ಎಂದು ಬರೆಯಲು ಕೈ ಬರುತ್ತಿಲ್ಲ, ಅದಕ್ಕೆ ಇದ್ದೇವೆ ಎಂದಷ್ಟೇ ಬರೆದೆ. ಯಾದಗಿರಿಯಲ್ಲಿ ನೀನು, ನಿನ್ನ ಮನೆಯವರು, ನಿನ್ನ ಶಾಲೆಯ ಮಕ್ಕಳು ಎಲ್ಲರೂ ಚೆನ್ನಾಗಿರಲಿ. ನೀನು ಕಳಿಸಿದ ಶೇಂಗಾ ಹೋಳಿಗೆ ತಲುಪಿ, ತಿಂದು, ಡಬ್ಬಿಯೂ ಖಾಲಿಯಾಗಿ ಎಷ್ಟೋ ದಿನವಾಯಿತು. ತಲುಪಿತು ಎಂದು ಒಂದು ಮಾತು ತಿಳಿಸಲಿಲ್ಲ. ಬೇಜಾರು ಮಾಡಿಕೊಳ್ಳಬೇಡ.

ಫೋನ್ ಇರುವಾಗ ಕಾಗದ ಯಾಕೆ ಎನ್ನಬಹುದು ನೀನು. ನೀನು ಫೋನಿನಲ್ಲಿ "ಭಾವ ಹೇಗಿದ್ದಾರೆ ಅಕ್ಕ" ಎಂದಾಗಲೆಲ್ಲ ನಾನು "ಪರವಾಗಿಲ್ಲ ಕಣೇ" ಎನ್ನುತ್ತೇನಲ್ಲ, ಆಗ ನಿನ್ನ ಭಾವ ಅಲ್ಲೇ ಗೋಡೆಗೆ ದಿಂಬು ಒರಗಿಸಿಕೊಂಡು ಕೂತಿರುತ್ತಾರೆ. ನಮ್ಮ ಮನೆ ನಿನಗೆ ಗೊತ್ತು. ಒಳಗೆ ಪಿಸುಗುಟ್ಟಿದರೆ ಜಗಲಿಗೆ ಕೇಳುತ್ತದೆ. ಈಗ ಅಂಗನವಾಡಿಯ ಮಕ್ಕಳೆಲ್ಲ ಹೋದರು. ಸಹಾಯಕಿ ಹಿಂದುಗಡೆ ಪಾತ್ರೆ ತೊಳೆಯುತ್ತಿದ್ದಾಳೆ. ಇಲ್ಲೇ ಕೂತು ಬರೆಯುತ್ತಿದ್ದೇನೆ.

ಭಾವ ಕೆಲಸ ಮಾಡುತ್ತಿದ್ದ ಪಶು ಆಹಾರದ ಫ್ಯಾಕ್ಟರಿ ನೀನು ನೋಡಿದ್ದೀಯ. ಊರಿಗೆ ಬರುವಾಗ ಬಸ್ಸಿನಲ್ಲಿ ಮೂಗು ಮುಚ್ಚಿಕೊಳ್ಳುತ್ತಿದ್ದೆಯಲ್ಲ, ಅದೇ. ಎರಡು ವರ್ಷದ ಹಿಂದೆ ಮಳೆ ಬಿಡದೆ ಹಿಡಿದುಕೊಂಡಾಗ ಅಲ್ಲಿನ ಗೋಡೌನಿನ ಶೀಟು ಸೋರಿ ಮೂಟೆ ಮೂಟೆ ಮುಸುಕಿನ ಜೋಳ ನೆನೆಯಿತು. ನೆನೆದದ್ದು ಮುಗ್ಗಿ, ಬೂಷ್ಟು ಹಿಡಿದು, ಗಾರೆಯ ಹಾಗೆ ಗಟ್ಟಿಯಾಯಿತು. ಅದನ್ನು ಎಸೆಯಲಿಲ್ಲ. ಗುದ್ದಲಿಯಲ್ಲಿ ಒಡೆದು, ಒಳಗೇ ಹರಡಿ ಒಣಗಿಸಿ, ಒಳ್ಳೆಯ ಜೋಳದ ಜೊತೆ ಬೆರೆಸಿ ಮಿಲ್ಲಿಗೆ ಹಾಕಿ ಎಂದರು. ಆ ಕೆಲಸಕ್ಕೆ ಬಿಟ್ಟದ್ದು ನಿನ್ನ ಭಾವನನ್ನು ಮತ್ತು ನಮ್ಮ ಬೀದಿಯ ಕೊನೆಮನೆ ಆಂಜಿಯನ್ನು. ಒಡೆದರೆ ಹಸಿರು ಹೊಗೆ ಏಳುತ್ತಿತ್ತಂತೆ. ಮುಖಕ್ಕೆ ಏನಾದರೂ ಕೊಡಿ ಎಂದು ಕೇಳಿದರೆ ಮ್ಯಾನೇಜರ್ ವೆಂಕಟ್, "ಟವೆಲ್ ಐತಲ್ಲಪ್ಪ, ಕಟ್ಕೊಳ್ಳಿ" ಎಂದನಂತೆ.

ಆಮೇಲೆ ಶುರುವಾಯಿತು. ಕೆಲಸದಿಂದ ಬಂದ ಸಂಜೆಗೆ ಚಳಿಜ್ವರ, ಒಣಕೆಮ್ಮು. ಭಾನುವಾರ ಮನೆಯಲ್ಲಿದ್ದರೆ ಸ್ವಲ್ಪ ವಾಸಿ, ಸೋಮವಾರ ಹೋಗಿ ಬಂದರೆ ಮತ್ತೆ ಅದೇ. ತೋರಿಸಿದಾಗ ಟಿಬಿ ಇರಬಹುದು ಎಂದರು. ಕಫದಲ್ಲಿ ಏನೂ ಸಿಗಲಿಲ್ಲ, ಆದರೂ ಟಿಬಿ ಮಾತ್ರೆ ಕೊಟ್ಟರು. ಮಾತ್ರೆ ನುಂಗಿಕೊಂಡೇ ಅದೇ ಧೂಳಿಗೆ ಹೋದರು ನಿನ್ನ ಭಾವ. ಕೊನೆಗೆ ಬಾವಿಯಿಂದ ಒಂದು ಬಿಂದಿಗೆ ನೀರು ತರಲು ಮೂರು ಕಡೆ ನಿಲ್ಲುವಂತಾದಾಗ ಕೋಲಾರದ ಆಚೆ ಒಂದು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆ.

ಅಲ್ಲಿ ಧನಶ್ರೀ ಎಂಬ ಶ್ವಾಸಕೋಶದ ಡಾಕ್ಟರು. ಎಲ್ಲರೂ "ಬೀಡಿ ಸೇದ್ತೀರಾ" ಎಂದೇ ಶುರು ಮಾಡಿದ್ದರು. ಈಕೆ ಮೊದಲು ಕೇಳಿದ್ದು, "ಏನ್ ಕೆಲ್ಸ ಮಾಡ್ತೀರಾ? ರಜಾ ದಿನ ಹೇಗಿರ್ತೀರಾ?" ಸ್ಕ್ಯಾನ್ ಮಾಡಿಸಿ, ಗಂಟಲಿನಿಂದ ಟ್ಯೂಬು ಇಳಿಸಿ ನೋಡಿ, ಇದು ಟಿಬಿ ಅಲ್ಲ, ಬೂಷ್ಟಿನ ಧೂಳಿಗೆ ಶ್ವಾಸಕೋಶ ಊದಿಕೊಂಡಿದೆ ಎಂದರು. ಆಮೇಲೆ ನನ್ನೊಬ್ಬಳನ್ನೇ ಕರೆದು ಮಿಕ್ಕದ್ದನ್ನು ಹೇಳಿದರು. ಊದಿಕೊಂಡದ್ದು ಇಳಿಯುತ್ತದೆ, ಆದರೆ ಗಾಯ ಮಾಗಿ ಗಂಟು ಬಿದ್ದ ಹಾಗೆ ಗಟ್ಟಿಯಾದ ಭಾಗ ಮತ್ತೆ ಸರಿಯಾಗುವುದಿಲ್ಲ, ಅದು ನಿಧಾನಕ್ಕೆ ಹೆಚ್ಚುತ್ತಾ ಹೋಗುತ್ತದೆ, ಔಷಧಿಯಿಂದ ತಡೆಯಬಹುದೇ ಹೊರತು ವಾಸಿ ಎಂಬುದಿಲ್ಲ. ಈ ಯುಗಾದಿಯ ಹಿಂದಿನ ವಾರ ಅದು.

ಅವರಿಗೆ ಹೇಳಬೇಡಿ ಮೇಡಂ ಎಂದು ಕೈಮುಗಿದೆ. ಆಕೆ, "ಅವರಾಗಿ ಕೇಳಿದ್ರೆ ನಾನು ಸುಳ್ಳು ಹೇಳಲ್ಲಮ್ಮ. ಕೇಳ್ದೆ ಇದ್ರೆ ನಾನಾಗಿ ಹೇಳಕ್ಕೆ ಹೋಗಲ್ಲ" ಎಂದರು. ನಿನ್ನ ಭಾವ ಕೇಳಲಿಲ್ಲ. ಮಾತ್ರೆ ಮುಗಿಯಲಿ, ಮೈ ತುಂಬಿಕೊಳ್ಳಲಿ, ಮತ್ತೆ ಲೋಡ್ ಎತ್ತುತ್ತೇನೆ ಎಂದೇ ಇದ್ದಾರೆ. ನಾನೂ ಹೂಂ ಎನ್ನುತ್ತೇನೆ. ಚಂದನಳಿಗೂ ಅಪ್ಪನ ವಿಷಯ ಹೇಳಿಲ್ಲ, ಪಿಯುಸಿ ಓದುವ ಹುಡುಗಿ. ನಿನಗೆ ಮಾತ್ರ ಬರೆಯುತ್ತಿದ್ದೇನೆ.

ಫ್ಯಾಕ್ಟರಿಯವರನ್ನು ಕೇಳಿದರೆ ನಿಮ್ಮ ಯಜಮಾನರು ನಮ್ಮ ಕೆಲಸಗಾರರೇ ಅಲ್ಲ, ಕಂಟ್ರಾಕ್ಟರ್ ಕಡೆಯವರು ಎಂದರು. ಇಎಸ್‌ಐ ಇಲ್ಲ, ಏನೂ ಇಲ್ಲ. ವೆಂಕಟ್ ಮೂಸಂಬಿ ಹಿಡಿದುಕೊಂಡು ಮನೆಗೆ ಬಂದು, "ಅಣ್ಣ ಮೊದ್ಲಿಂದ್ಲೂ ವೀಕು ಅಲ್ವಾ ಅಕ್ಕ" ಎಂದು ನನ್ನ ಬಾಯಿಂದ ಹೂಂ ಅನ್ನಿಸಲು ನೋಡಿದ. ಅವನು ಹೋದ ಮೇಲೆ ನಾನು ಕೋಲಾರಕ್ಕೆ ಹೋಗಿ ಮುನಿಕೃಷ್ಣಪ್ಪ ಎಂಬ ವಕೀಲರನ್ನು ಕಂಡೆ. ಕೆಲಸದಿಂದ ಬಂದ ಕಾಯಿಲೆಗೆ ಪರಿಹಾರದ ಅರ್ಜಿ ಹಾಕಿದ್ದಾರೆ. ವಯಸ್ಸಾದವರು, ನಿಧಾನಸ್ಥರು.

"ನೋಡಮ್ಮ ಸುನಂದ," ಎಂದರು, "ಕೈ ಮುರಿದ್ರೆ ಜಡ್ಜ್ ಕಣ್ಣಿಗೆ ಕಾಣ್ತದೆ. ಇದು ಕಾಣಲ್ಲ. ಈ ಕಾಯ್ಲೆ ಈ ಕೆಲ್ಸದಿಂದ್ಲೇ ಬಂತು ಅನ್ನೋ ಮಾತು ಡಾಕ್ಟರ್ ಬಾಯಿಂದ್ಲೇ ಬರ್ಬೇಕು. ನೀನು ಹೇಳಿದ್ರೆ ಆಗಲ್ಲ, ನಾನು ಹೇಳಿದ್ರೂ ಆಗಲ್ಲ."

ಅಷ್ಟೇ ತಾನೇ ಎಂದುಕೊಂಡೆ. ನಮ್ಮ ಡಾಕ್ಟರಿಗೆ ಎಲ್ಲ ಗೊತ್ತಲ್ಲ, ಒಂದು ಮಾತು ಬರೆದುಕೊಡುತ್ತಾರೆ ಎಂದು ಆಸ್ಪತ್ರೆಗೆ ಹೋದೆ. ಡಿಸ್ಚಾರ್ಜ್ ಕಾಗದದಲ್ಲಿ ಕಾಯಿಲೆಯ ಹೆಸರಿದೆ, ಯಾಕೆ ಬಂತು ಎಂಬುದಿಲ್ಲ. ಧನಶ್ರೀ ಮೇಡಂ ಬರೆಯಲು ಸಿದ್ಧ, ಆದರೆ ಆಸ್ಪತ್ರೆಯ ಆಫೀಸಿನವರು ಒಪ್ಪುತ್ತಿಲ್ಲ. "ಕೋರ್ಟು ಕೇಳಿದ್ರೆ ಕೊಡ್ತೀವಿ, ನೀವ್ ಕೇಳಿದ್ರೆ ಕೊಡಕ್ಕಾಗಲ್ಲ" ಎಂದರು. ಕೋರ್ಟಿನವರು ಡಾಕ್ಟರ್ ಏನು ಹೇಳುತ್ತಾರೆ ಎನ್ನುತ್ತಾರೆ. ನಾನು ನಡುವೆ ಬಸ್ಸಿನಲ್ಲಿದ್ದೇನೆ.

ಸಹಾಯಕಿ ಬಾಗಿಲು ಹಾಕಲು ಕಾಯುತ್ತಿದ್ದಾಳೆ. ನೀನು ಫೋನ್ ಮಾಡಿದಾಗ ಈ ವಿಷಯ ಎತ್ತಬೇಡ. ಮೈ ಕಡೆ ನೋಡಿಕೋ.

ನಿನ್ನ ಅಕ್ಕ,
ಸುನಂದ

*

ಶ್ರೀನಿವಾಸಪುರ
2 ಫೆಬ್ರವರಿ 2025

ಪ್ರೀತಿಯ ರಜನಿಗೆ,

ನಿನ್ನ ಕಾಗದ ದೀಪಾವಳಿಗೇ ಬಂತು. ಸಂಕ್ರಾಂತಿಯೂ ಕಳೆಯಿತು, ಉತ್ತರ ಬರೆಯಲಿಲ್ಲ. ಬರೆಯಲು ಒಂದು ಒಳ್ಳೆಯ ಸುದ್ದಿ ಸಿಗಲಿ ಎಂದು ಕಾಯುತ್ತಿದ್ದೆ. ಸಿಗಲಿಲ್ಲ, ಇನ್ನು ಕಾಯುವುದರಲ್ಲಿ ಅರ್ಥವಿಲ್ಲ.

ಕೋರ್ಟಿನಿಂದ ಧನಶ್ರೀ ಮೇಡಂಗೆ ಸಮನ್ಸ್ ಹೋಯಿತು. ಹೆಸರಿನ ಹಿಂದಿನ ಅಕ್ಷರ ತಪ್ಪಾಗಿದೆ, ಈ ಹೆಸರಿನವರು ಇಲ್ಲಿಲ್ಲ ಎಂದು ವಾಪಸ್ ಬಂತು. ಸರಿ ಮಾಡಿ ಕಳಿಸಿದರು. ಅಷ್ಟರಲ್ಲಿ ಆಕೆ ಆ ಆಸ್ಪತ್ರೆಯನ್ನೇ ಬಿಟ್ಟುಹೋಗಿದ್ದರು. ಎಲ್ಲಿಗೆ ಎಂದರೆ ಯಾರಿಗೂ ಗೊತ್ತಿಲ್ಲ, ಗೊತ್ತಿದ್ದವರು ಹೇಳುವುದಿಲ್ಲ.

ಅವರ ಜಾಗಕ್ಕೆ ಕದಿರೇಶ್ ಎಂಬ ಚಿಕ್ಕ ವಯಸ್ಸಿನ ಡಾಕ್ಟರು ಬಂದಿದ್ದಾರೆ. ಅವರೇ ಕೋರ್ಟಿಗೆ ಬಂದರು. ಒಳ್ಳೆಯವರೇ, ಸುಳ್ಳು ಹೇಳಬಾರದು. ಆದರೆ ಕಟಕಟೆಯಲ್ಲಿ ನಿಂತು ಕೇಸ್ ಶೀಟಿನಲ್ಲಿದ್ದದ್ದನ್ನು ಓದಿದರು, ಅಷ್ಟೇ. ಯಾಕೆ ಬಂತು ಕಾಯಿಲೆ ಎಂದು ನಮ್ಮ ವಕೀಲರು ಕೇಳಿದರೆ, "ನಾನು ಟ್ರೀಟ್ ಮಾಡಿಲ್ಲ, ಅದನ್ನ ಟ್ರೀಟ್ ಮಾಡಿದೋರೇ ಹೇಳ್ಬೇಕು" ಎಂದರು. ಹೊರಗೆ ಬಂದ ಮೇಲೆ ನನ್ನ ಹತ್ತಿರ, "ಅಕ್ಕ, ಓದಿದ್ರೆ ಗೊತ್ತಾಗುತ್ತೆ, ಇದು ಆ ಧೂಳಿಂದ್ಲೇ" ಎಂದರು. ಅದನ್ನು ಒಳಗೆ ಹೇಳಬಾರದಿತ್ತಾ ಸಾರ್ ಎಂದೆ. ತಲೆ ತಗ್ಗಿಸಿಕೊಂಡು ಹೋದರು. ರಜನಿ, ಹೊರಗೆ ಎಲ್ಲರೂ ಹೇಳುತ್ತಾರೆ. ವರಾಂಡದಲ್ಲಿ ಹೇಳುತ್ತಾರೆ, ಲಿಫ್ಟಿನ ಹತ್ತಿರ ಹೇಳುತ್ತಾರೆ, ಔಷಧಿ ಅಂಗಡಿಯವನೂ ಹೇಳುತ್ತಾನೆ. ಬರೆದುಕೊಳ್ಳುವವರು ಕೂತಿರುವ ಕಡೆ ಮಾತ್ರ ಯಾರೂ ಬಾಯಿ ಬಿಡುವುದಿಲ್ಲ.

ಎದುರು ಕಡೆಗೆ ಫ್ಯಾಕ್ಟರಿಯವರ ಇನ್ಶೂರೆನ್ಸ್ ಕಂಪನಿಯ ವಕೀಲ. ಅವನು ಕದಿರೇಶ್ ಡಾಕ್ಟರನ್ನು ಒಂದೊಂದಾಗಿ ಕೇಳಿದ. ಟಿಬಿಯಿಂದ ಹೀಗಾಗಬಹುದೇ? ಆಗಬಹುದು. ಸೌದೆ ಒಲೆಯ ಹೊಗೆಯಿಂದ? ಕೆಲವರಿಗೆ ಆಗಬಹುದು. ಇವರ ಮನೆಯಲ್ಲಿ ಹಿಂದೆ ರೇಷ್ಮೆಹುಳ ಮೇಯಿಸುತ್ತಿದ್ದರು, ಅದರ ಧೂಳಿನಿಂದ? ಇಲ್ಲ ಎಂದು ಹೇಳಲಾಗುವುದಿಲ್ಲ. ಎಲ್ಲವನ್ನೂ ಟೈಪ್ ಮಾಡಿಕೊಂಡರು. ನಾವು ಹುಳ ಮೇಯಿಸುವುದು ಬಿಟ್ಟು ಎಷ್ಟು ಕಾಲವಾಯಿತು ನಿನಗೆ ಗೊತ್ತು. ಅಪ್ಪ ಅಮ್ಮ ಜೀವಮಾನವೆಲ್ಲ ಹುಳದ ತಟ್ಟೆಗಳ ನಡುವೆ ಮಲಗಿದವರು, ಒಂದು ದಿನ ಕೆಮ್ಮಲಿಲ್ಲ. ಆದರೆ ನನ್ನ ಮಾತು ಯಾರಿಗೆ ಬೇಕು.

ನಿನ್ನ ಭಾವನ ಮೈಗೆ ಎಷ್ಟು ನಷ್ಟವಾಗಿದೆ ನೋಡಲು ಕೋರ್ಟಿನವರು ಬೇರೆ ಡಾಕ್ಟರುಗಳ ಮುಂದೆ ಕಳಿಸಿದರು. ಯಂತ್ರದ ಕೊಳವೆಗೆ ಊದಿಸಿ, ನಡೆಸಿ, ಎಲ್ಲ ನೋಡಿ, ಶ್ವಾಸಕೋಶ ಅರ್ಧಕ್ಕಿಂತ ಹೆಚ್ಚು ಹೋಗಿದೆ ಎಂದು ಬರೆದರು. ಕಾರಣ ಎಂಬಲ್ಲಿ "ಹೇಳಲಾಗದು" ಎಂದು ಬರೆದರು. ನಿನ್ನ ಭಾವನಿಗೆ ನಾನು ಆ ಕಾಗದದಲ್ಲಿ ಏನಿದೆ ಎಂದು ಪೂರ್ತಿ ಹೇಳಲಿಲ್ಲ. ಇಂಗ್ಲಿಷಿನಲ್ಲಿದೆ, ಏನೋ ನಂಬರು ಎಂದೆ.

ನಂಗಲಿಯಲ್ಲಿರುವ ನಮ್ಮ ಸೋದರತ್ತೆ, ಮುಳಬಾಗಿಲಿನಲ್ಲಿ ಒಬ್ಬರು ಡಾಕ್ಟರು ಕೋರ್ಟಿಗೆ ಬೇಕಾದ ಸರ್ಟಿಫಿಕೇಟ್ ಕೊಡುತ್ತಾರೆ ಎಂದರು. ಅಲ್ಲಿಗೂ ಹೋದೆ. ಭಾವ ಹೊರಗೆ ಆಟೋದಲ್ಲೇ ಇದ್ದರು. ಆ ಡಾಕ್ಟರು ಪೆನ್ನು ತೆಗೆದು, "ಏನಂತ ಬರೀಲಿ ಹೇಳಮ್ಮ" ಎಂದರು. ನೋಡುವುದಿಲ್ಲವಾ ಸಾರ್, ಅವರು ಆಟೋದಲ್ಲಿದ್ದಾರೆ ಎಂದೆ. "ನೋಡೋದೇನೈತೆ, ನೀನು ಹೇಳು" ಎಂದರು. ಎದ್ದು ಬಂದುಬಿಟ್ಟೆ. ಮುನಿಕೃಷ್ಣಪ್ಪನವರಿಗೆ ಹೇಳಿದರೆ, "ಒಳ್ಳೇ ಕೆಲ್ಸ ಮಾಡ್ದೆ. ಅವನನ್ನ ಕಟಕಟೆ ಹತ್ತಿಸಿದ್ರೆ ಎರಡನೇ ಪ್ರಶ್ನೆಗೆ ನಮ್ಮನ್ನೂ ಮುಳುಗಿಸ್ತಿದ್ದ" ಎಂದರು.

ಇನ್ನು ಆಂಜಿ. ಅವನು ಬಂದು ಬೂಷ್ಟಿನ ವಿಷಯ ಸಾಕ್ಷಿ ಹೇಳುತ್ತಾನೆ ಎಂದುಕೊಂಡಿದ್ದೆವು. ಗೋಡೌನಿನಲ್ಲಿ ಯಾರಿಗೂ ಕಾಯಿಲೆಯಾಗಿಲ್ಲ ಎಂದು ವೆಂಕಟ್ ಎಲ್ಲರ ಕೈಲಿ ರುಜು ಹಾಕಿಸಿಕೊಂಡಿದ್ದಾನೆ, ಆಂಜಿಯದೂ ಇದೆ. ಕೇಳಲು ಹೋದೆ. ಅವನು ಸಂಕಟವಾದರೆ ತೆಲುಗಿಗೆ ಹೋಗುತ್ತಾನೆ. "ಏಂ ಚೇಸೇದಿ ವದಿನಾ, ಪಿಲ್ಲಲುನ್ನಾರು" ಎಂದ. ಏನು ಮಾಡಲಿ ಅತ್ತಿಗೆ ಎನ್ನುತ್ತಾನೆ, ಮಕ್ಕಳಿರುವುದು ನನಗೆ ಗೊತ್ತಿಲ್ಲವೇ. ಆದರೆ ಮಾತಾಡುವಾಗ ಅವನೂ ಕೆಮ್ಮುತ್ತಿದ್ದ, ನಿನ್ನ ಭಾವ ಮೊದಲ ಚಳಿಗಾಲದಲ್ಲಿ ಕೆಮ್ಮುತ್ತಿದ್ದ ಅದೇ ಒಣಕೆಮ್ಮು. ಬೈಯಲು ಹೋದವಳು ಬೈಯದೆ ಬಂದೆ.

ಕೋಪ ಯಾರ ಮೇಲೆ ಮಾಡಿಕೊಳ್ಳಲಿ ಹೇಳು. ಎಲ್ಲರೂ ಮರ್ಯಾದೆಯಿಂದಲೇ ಮಾತಾಡುತ್ತಾರೆ, ಕುರ್ಚಿ ಕೊಡುತ್ತಾರೆ, ಅಯ್ಯೋ ಪಾಪ ಎನ್ನುತ್ತಾರೆ. ಮೊನ್ನೆ ಅಂಗನವಾಡಿಯಲ್ಲಿ ಒಂದು ಮಗು ಉಪ್ಪಿಟ್ಟು ಚೆಲ್ಲಿದ್ದಕ್ಕೆ ಗದರಿಬಿಟ್ಟೆ. ಅದು ಅಳಲೂ ಮರೆತು ನನ್ನ ಮುಖ ನೋಡಿತು.

ಮುನಿಕೃಷ್ಣಪ್ಪನವರು ಒಂದೇ ಮಾತು ಹೇಳುತ್ತಾರೆ. "ಆ ಡಾಕ್ಟ್ರಮ್ಮನ್ನ ಹುಡುಕು. ಆಕೆ ಬಂದ್ರೆ ಕೇಸೈತೆ, ಇಲ್ದಿದ್ರೆ ಇಲ್ಲ."

ಹುಡುಕುತ್ತೇನೆ. ನಿನಗೆ ಒಳ್ಳೆಯದಾಗಲಿ.

ಸುನಂದ

*

ಶ್ರೀನಿವಾಸಪುರ
23 ನವೆಂಬರ್ 2025

ನನ್ನ ಪ್ರೀತಿಯ ರಜನಿ,

ಈ ಸಲ ತಡಕ್ಕೆ ಕ್ಷಮೆ ಕೇಳಲೂ ನಾಚಿಕೆ. ನೀನು ಬರೆದ ಎರಡು ಕಾಗದಗಳೂ ನನ್ನ ಹತ್ತಿರ ಇವೆ. ತೀರ್ಪು ಬಂತು ಎಂದು ಫೋನಿನಲ್ಲಿ ಹೇಳಿದೆ, ನೀನು ಖುಷಿಪಟ್ಟೆ. ಅದು ಹೇಗೆ ಬಂತು ಎಂದು ಈಗ ಬರೆಯುತ್ತೇನೆ.

ಧನಶ್ರೀ ಮೇಡಂ ಸಿಕ್ಕಿದ್ದು ಮಾಲೂರಿನಲ್ಲಿ. ಅದೂ ಅಕಸ್ಮಾತ್ ಸಿಕ್ಕಿದ್ದು. ನಮ್ಮ ಅಂಗನವಾಡಿಯ ಸೂಪರ್‌ವೈಸರ್ ಮೇಡಂ ಅವರ ತಾಯಿಗೆ ದಮ್ಮು, ಮಾಲೂರಿನಲ್ಲಿ ಒಬ್ಬ ಹೊಸ ಲೇಡಿ ಡಾಕ್ಟರಿಗೆ ತೋರಿಸಿದೆ, ಚೆನ್ನಾಗಿ ವಿಚಾರಿಸ್ತಾರೆ, ಮನೆ, ಕೆಲಸ ಎಲ್ಲ ಕೇಳ್ತಾರೆ ಎಂದರು. ಹೆಸರು ಕೇಳಿದ ಮರುದಿನವೇ ರಜಾ ಹಾಕಿ ಹೋದೆ. ರೈಲ್ವೆ ಸ್ಟೇಷನ್ ಹತ್ತಿರ ಸಣ್ಣ ಆಸ್ಪತ್ರೆ. ರೋಗಿಗಳೆಲ್ಲ ಮುಗಿಯುವವರೆಗೆ ಕೂತಿದ್ದೆ. ಕೊನೆಗೆ ಒಳಗೆ ಹೋದರೆ ಮುಖ ನೋಡಿದ ಕೂಡಲೇ, "ಶ್ರೀನಿವಾಸಪುರದೋರಲ್ವಾ? ಅಮರನಾಥ್ ಹೇಗಿದ್ದಾರೆ?" ಎಂದರು. ಎಷ್ಟೊಂದು ಜನರ ನಡುವೆ ಆಕೆಗೆ ನಿನ್ನ ಭಾವನ ಹೆಸರು ನೆನಪಿತ್ತು. ನಾನು ಸೆರಗು ಬಾಯಿಗೆ ಒತ್ತಿಕೊಂಡು ನಿಂತೆ. ನೀರು ಕೊಟ್ಟರು.

ಕೋರ್ಟು ಎಂದ ಕೂಡಲೇ ಮಾತ್ರ ಅವರ ಮುಖ ಬದಲಾಯಿತು.

"ಸುನಂದ, ಹಿಂದೆ ಒಂದು ಆಕ್ಸಿಡೆಂಟ್ ಕೇಸಿಗೆ ಹೋಗಿದ್ದೆ. ಹೋದಾಗೆಲ್ಲ ವಾಯಿದೆ. ಇಲ್ಲಿ ಪೇಷೆಂಟ್‌ಗಳು ಕಾಯ್ತಿರ್ತಾರೆ, ನಾನು ಅಲ್ಲಿ ಬೆಂಚ್ ಮೇಲೆ. ಕೊನೆಗೆ ಒಳಗೆ ಕರೆದ್ರೆ ಎದುರು ಪಾರ್ಟಿ ಲಾಯರು, ಇಷ್ಟು ಹೇಳಕ್ಕೆ ಎಷ್ಟು ತಗೊಂಡ್ರಿ ಅಂತ ಕೇಳಿದ್ರು. ಅವತ್ತೇ ಸಾಕು ಅನ್ನಿಸ್ತು."

ನಾನು ಹೇಳಿದೆ, "ಮೇಡಂ, ನೀವು ಬರೆದಿರೋ ಕಾಗ್ದಕ್ಕೆ ಬಾಯಿಲ್ಲ. ಅದನ್ನೇ ಹಿಡ್ಕೊಂಡು ಅವರ ಲಾಯರು ಹುಳ ಮೇಯಿಸಿದ್ದಕ್ಕೆ ಬಂತು ಅಂತಾನೆ. ಅಲ್ಲ ಅಂತ ಹೇಳೋರು ನೀವೊಬ್ರೇ ಇರೋದು. ನೀವು ಬರ್ದೆ ಇದ್ರೆ ನಾಳೆ ಆ ಗೋಡೌನಲ್ಲಿ ಇನ್ನೊಬ್ರು ಗುದ್ಲಿ ಹಿಡೀತಾರೆ."

ಆಕೆ ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು. "ಅಲ್ಲಿ ಇನ್ನೂ ಯಾರಿಗಾದ್ರೂ ಹೀಗಾಗಿದ್ಯಾ?" ಎಂದರು. ಆಂಜಿಯ ವಿಷಯ ಹೇಳಿದೆ. "ಮೊದ್ಲು ಅವರನ್ನ ಕರ್ಕೊಂಡು ಬನ್ನಿ. ಕೋರ್ಟಿಗಲ್ಲ, ನನ್ ಹತ್ರ."

ಆಂಜಿಯನ್ನು ಒಪ್ಪಿಸಲು ನಾನು ಹೋದರೆ ಆಗುತ್ತಿರಲಿಲ್ಲ. ನಿನ್ನ ಭಾವನೇ ಹೋದರು. ಬೀದಿಯ ಕೊನೆಯವರೆಗೆ ನಿಂತು ನಿಂತು ನಡೆದು, ಅವನ ಮನೆ ಜಗಲಿ ಮೇಲೆ ಕೂತು, ಉಸಿರು ಹಿಂದಕ್ಕೆ ಬರಲು ಕಾದರು. ಆಮೇಲೆ, "ಲೇ ಆಂಜಿ, ನಾನು ಇಲ್ಲೀಗಂಟ ಬರಕ್ಕೆ ಎಷ್ಟೊತ್ತಾಯ್ತು ನೋಡ್ದಾ? ನಿಂಗೂ ಹಿಂಗಾಗೋದು ಬ್ಯಾಡ. ಹೋಗಿ ತೋರಿಸ್ಕಾ" ಎಂದರು. ಆಂಜಿಯ ಹೆಂಡತಿ ಒಳಗಿನಿಂದ ಬಂದು, "ನಾನೇ ಕರ್ಕೊಂಡ್ ಹೋಗ್ತೀನಣ್ಣ" ಎಂದಳು.

ಅವನಿಗೂ ಅದೇ ಕಾಯಿಲೆ. ಆದರೆ ಊದಿದೆ ಅಷ್ಟೇ, ಗಟ್ಟಿಯಾಗಿಲ್ಲ. ಆ ಕೆಲಸ ಇವತ್ತೇ ಬಿಟ್ಟರೆ ವಾಸಿಯಾಗುತ್ತದೆ ಎಂದರಂತೆ. ಬಿಟ್ಟ. ಈಗ ಟೊಮೇಟೊ ಮಂಡಿಯಲ್ಲಿ ಕ್ರೇಟು ಎಣಿಸುತ್ತಾನೆ, ಕೆಮ್ಮು ನಿಂತಿದೆ. ಕೋರ್ಟಿಗೂ ಬಂದು, ರುಜು ಹೇಗೆ ಹಾಕಿಸಿಕೊಂಡರು, ಬೂಷ್ಟು ಹೇಗಿತ್ತು, ಎಲ್ಲ ಹೇಳಿದ. ಹೆದರಿ ಹೆದರಿ ಹೇಳಿದ, ಆದರೂ ಹೇಳಿದ.

ಧನಶ್ರೀ ಮೇಡಂ ಬರಲು ಒಪ್ಪಿದಾಗ ನನಗೊಂದು ಮಾತು ಹೇಳಿದರು. "ಅಲ್ಲಿ ನನ್ನ ಅರ್ಧ ಕೇಳಲ್ಲ, ಪೂರ್ತಿ ಕೇಳ್ತಾರೆ. ಮುಂದೆ ಏನಾಗುತ್ತೆ ಅಂತ ಕೇಳಿದ್ರೆ ಇರೋದೇ ಹೇಳ್ತೀನಿ. ನೀವು ಇನ್ನೂ ಅವರಿಗೆ ಹೇಳಿಲ್ಲ ಅಲ್ವಾ?"

"ಅವರನ್ನ ಹೊರಗೆ ಕೂರಿಸ್ತೀನಿ ಮೇಡಂ" ಎಂದೆ.

"ಹೇಳೋದು ಒಳ್ಳೇದಿತ್ತು" ಎಂದರು. ನಾನು ಚೀಲ ಎತ್ತಿಕೊಂಡು ಎದ್ದೆ.

ಮೊದಲ ದಿನ ಹೋದಾಗ ಜಡ್ಜ್ ರಜೆ. ಎರಡನೇ ಸಲ ಎದುರು ಕಡೆಯ ವಕೀಲನಿಗೆ ಬೇರೆ ಕೋರ್ಟಿನಲ್ಲಿ ಕೆಲಸ. ಎರಡು ಸಲವೂ ಮೇಡಂ ಮಾಲೂರಿನಿಂದ ಬಂದು ಬೆಂಚಿನ ಮೇಲೆ ಕೂತು ಎದ್ದು ಹೋದರು. ನನ್ನ ಮುಖ ನೋಡಲಿಲ್ಲ. ಇನ್ನು ಬರುವುದಿಲ್ಲ ಎಂದುಕೊಂಡೆ. ಕೋಲಾರದ ಬಸ್ ಸ್ಟ್ಯಾಂಡಿನಲ್ಲಿ ಚುರುಮುರಿ ಪೊಟ್ಟಣ ಕೈಯಲ್ಲಿ ಹಿಡಿದು, ತಿನ್ನಲಾರದೆ, ಎಸೆಯಲಾರದೆ, ಬಸ್ಸು ಬಂದದ್ದೂ ತಿಳಿಯದೆ ನಿಂತಿದ್ದೆ. ಮೂರನೇ ಸಲ ಅವರು ನನಗಿಂತ ಮೊದಲೇ ಬಂದಿದ್ದರು.

ನಿನ್ನ ಭಾವನನ್ನು ಆಂಜಿಯ ಜೊತೆ ಹೊರಗೆ ಮರದ ಕೆಳಗೆ ಕೂರಿಸಿದೆ. ಒಳಗೆ ಧೂಳು, ಸೆಖೆ, ನಿಮಗಾಗಲ್ಲ ಎಂದೆ. ಸರಿ ಎಂದರು.

ರಜನಿ, ಆ ದಿನ ಆಕೆ ಮಾತಾಡಿದ್ದನ್ನು ನೀನು ಕೇಳಬೇಕಿತ್ತು. ಆ ವಕೀಲ ಟಿಬಿಯಿಂದ ಶುರು ಮಾಡಿದ. "ಟಿಬಿ ಇತ್ತು ಅನ್ನಕ್ಕೆ ಒಂದು ಪರೀಕ್ಷೆನೂ ಇಲ್ಲ" ಎಂದರು. ಒಲೆ ಹೊಗೆ ಎಂದ. "ಆ ಒಲೆ ಮುಂದೆ ದಿನಾ ಕೂತ್ಕೊಳೋದು ಹೆಂಡತಿ. ಆಕೆ ಶ್ವಾಸಕೋಶ ಸರಿಯಾಗಿದೆ, ನಾನೇ ನೋಡಿದ್ದೀನಿ" ಎಂದರು. ಮಾಲೂರಿಗೆ ಹೋದ ದಿನ ನನ್ನನ್ನೂ ಯಾಕೆ ಕೊಳವೆಗೆ ಊದಿಸಿದರು ಎಂದು ಆಗ ತಿಳಿಯಿತು. ಕೊನೆಗೆ ಹುಳ ಎಂದ.

"ಹುಳ ಮೇಯಿಸೋದು ಬಿಟ್ಟ ಎಷ್ಟೋ ವರ್ಷದ ಮೇಲೆ ಕಾಯ್ಲೆ ಬಂದಿದೆ" ಎಂದರು. "ಕೆಲ್ಸಕ್ಕೆ ಹೋದ ಸಂಜೆ ಜ್ವರ, ರಜಾ ದಿನ ಕಮ್ಮಿ. ಅದೇ ಗೋಡೌನಲ್ಲಿ, ಅದೇ ಗುದ್ಲಿ ಹಿಡಿದ ಇನ್ನೊಬ್ಬರಿಗೂ ಅದೇ ಕಾಯ್ಲೆ. ಅವರು ಕೆಲ್ಸ ಬಿಟ್ರು, ಗುಣ ಆಗ್ತಿದ್ದಾರೆ. ಇನ್ನೇನು ಬೇಕು ನಿಮಗೆ?"

"ನೂರಕ್ಕೆ ನೂರು ಹೇಳ್ತೀರಾ ಡಾಕ್ಟರೇ?"

"ವೈದ್ಯರು ಯಾವುದನ್ನೂ ನೂರಕ್ಕೆ ನೂರು ಹೇಳಲ್ಲ. ಈ ಬೂಷ್ಟಿನ ಧೂಳಿಂದ ಬಂದಿದೆ ಅಂತ ನನಗೆ ಸಂಶಯ ಇಲ್ಲ."

ಅಷ್ಟು ತಿರುಗಿದ್ದು ಆ ಒಂದು ವಾಕ್ಯಕ್ಕೆ. ಟೈಪ್ ಮಾಡುವ ಹುಡುಗಿಯ ಬೆರಳನ್ನೇ ನೋಡುತ್ತಿದ್ದೆ, ಒಂದು ಅಕ್ಷರ ಬಿಟ್ಟುಹೋದರೆ ಎಂದು. ಆಮೇಲೆ ಜಡ್ಜ್, ಇವರು ಮತ್ತೆ ಕೆಲಸ ಮಾಡಬಲ್ಲರಾ, ಮುಂದೆ ಸ್ಥಿತಿ ಹೇಗಿರುತ್ತದೆ, ಕನ್ನಡದಲ್ಲೇ ಹೇಳಿ ಎಂದರು. ಮೇಡಂ ನನ್ನ ಕಡೆ ಒಮ್ಮೆ ನೋಡಿ, ಎಲ್ಲವನ್ನೂ ಹೇಳಿದರು. ಮುನಿಕೃಷ್ಣಪ್ಪನವರು ಹೊರಗೆ ಬಂದು, "ಇದೇ ಕಣಮ್ಮ ನಮಗೆ ಬೇಕಾಗಿದ್ದಿದ್ದು" ಎಂದು ಮೊದಲ ಸಲ ನಕ್ಕರು.

ತೀರ್ಪಿನಲ್ಲಿ ಅವರ ಮಾತನ್ನೇ ಎತ್ತಿ ಬರೆದಿದ್ದಾರೆ. ಕಾಯಿಲೆ ಕೆಲಸದಿಂದಲೇ ಬಂದದ್ದು, ಫ್ಯಾಕ್ಟರಿ ಪರಿಹಾರ ಕೊಡಬೇಕು ಎಂದು. ಅವರು ಮೇಲಿನ ಕೋರ್ಟಿಗೆ ಹೋಗುತ್ತಾರಂತೆ. ಅಲ್ಲಿ ಎಷ್ಟು ದಿನ ಸಾರ್ ಎಂದು ಕೇಳಿದೆ. ಮುನಿಕೃಷ್ಣಪ್ಪನವರು ಕನ್ನಡಕ ತೆಗೆದು ಒರೆಸಿಕೊಂಡರು. ಗೆದ್ದೆವು ಎಂದು ಬೀದಿಯವರೆಲ್ಲ ಬಂದು ಹೋದರು. ಗೆದ್ದವರ ಮನೆ ಹೀಗಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಗೋಡೌನಿಗೆ ಹೊಸ ಶೀಟು ಹಾಕಿಸಿದ್ದಾರೆ, ಕೆಲಸದವರಿಗೆ ಮುಖಕ್ಕೆ ಮಾಸ್ಕ್ ಕೊಟ್ಟಿದ್ದಾರೆ ಎಂದು ಆಂಜಿ ಹೇಳಿದ. ಅಷ್ಟಾದರೂ ಆಯಿತು.

ಚಂದನ ನರ್ಸಿಂಗ್ ಸೇರಿದ್ದಾಳೆ, ನಿನ್ನನ್ನು ಕೇಳುತ್ತಿರುತ್ತಾಳೆ. ಬೇಸಿಗೆ ರಜೆಗೆ ನೀವಿಬ್ಬರೂ ಬರಲೇಬೇಕು. ನಿನ್ನ ಮನೆ ತಣ್ಣಗಿರಲಿ, ನಿನ್ನ ಉಸಿರು ಹಗುರಾಗಿರಲಿ, ಎಂದೂ ಯಾವ ಡಾಕ್ಟರ ಬಾಗಿಲಲ್ಲೂ ನೀನು ಕಾಯುವಂತಾಗದಿರಲಿ. ಈ ಅಕ್ಕನ ಹತ್ತಿರ ಕೊಡಲು ಇಷ್ಟೇ ಇರುವುದು.

ನಿನ್ನ,
ಸುನಂದಕ್ಕ

ಮತ್ತೆ: ಕಾಗದ ಮುಗಿಸಿ ಮಡಿಸಿದ್ದೆ. ಬಿಚ್ಚಿ ಬರೆಯುತ್ತಿದ್ದೇನೆ.

ನಿನ್ನ ಭಾವನನ್ನು ಹೊರಗೆ ಕೂರಿಸಿದ್ದೆ ಎಂದೆನಲ್ಲ. ಕೇಸು ಕೂಗುವಾಗ ಅಟೆಂಡರ್ ಅವರ ಹೆಸರನ್ನೇ ಕೂಗಿದ. ತಮ್ಮನ್ನೇ ಕರೆಯುತ್ತಿದ್ದಾರೆ ಎಂದು ಅವರು ಎದ್ದು ಬಂದಿದ್ದಾರೆ. ಮೆಟ್ಟಿಲು ಹತ್ತಿ, ನಿಂತು, ಮತ್ತೆ ಹತ್ತಿ, ಬಾಗಿಲಿಗೆ ಬರುವ ಹೊತ್ತಿಗೆ ಮೇಡಂ ಹೇಳುತ್ತಿದ್ದರು, "ಇದು ವಾಸಿಯಾಗಲ್ಲ. ಹೆಚ್ಚಾಗ್ತಾ ಹೋಗುತ್ತೆ. ಇನ್ನು ಕೆಲವು ವರ್ಷ." ನಾನು ತಿರುಗಿದಾಗ ಅವರು ಚೌಕಟ್ಟು ಹಿಡಿದುಕೊಂಡು ನಿಂತಿದ್ದರು. ಹೊಸಬರ ಮನೆಗೆ ಬಂದವರ ಹಾಗೆ ಚಪ್ಪಲಿಯನ್ನು ಹೊರಗೇ ಬಿಟ್ಟಿದ್ದರು.

ಬಸ್ಸಿನಲ್ಲಿ ಊರು ಹತ್ತಿರವಾಗುವವರೆಗೆ ಕಿಟಕಿಯ ಹೊರಗೆ ನೋಡುತ್ತಿದ್ದರು. ಆಮೇಲೆ, "ನಿಂಗೆ ಯಾವಾಗ್ನಿಂದ ಗೊತ್ತು?" ಎಂದರು. ಹೋದ ವರ್ಷದ ಯುಗಾದಿಯಿಂದ ಎಂದೆ. ಬೈಯಲಿ ಎಂದು ಕಾದೆ. "ಅಷ್ಟು ದಿನ ಒಬ್ಳೇ ಇಟ್ಕೊಂಡಿದ್ಯಾ" ಎಂದರು, ಅಷ್ಟೇ. ಆ ಮಾತಿಗಿಂತ ಬೈಗುಳ ವಾಸಿಯಿತ್ತು. ಅವರಿಗೆ ಹೇಳಬೇಡಿ ಎಂದು ಕೈಮುಗಿದವಳೂ ನಾನೇ, ಬಂದು ಹೇಳಿ ಎಂದು ಮಾಲೂರಿನವರೆಗೆ ಹೋಗಿ ಕರೆತಂದವಳೂ ನಾನೇ.

ಅಂದಿನಿಂದ ಅವರು ಲೋಡ್ ಎತ್ತುವ ಮಾತಾಡಿಲ್ಲ. ದಿನಕ್ಕೊಂದು ಕೆಲಸ ನನಗೆ ಕಲಿಸುತ್ತಿದ್ದಾರೆ. ಪಂಪಿನ ಸ್ಟಾರ್ಟರ್ ಕೈಕೊಟ್ಟರೆ ಏನು ಮಾಡಬೇಕು, ಸೊಪ್ಪು ಮಾರಲು ಉಳಿಸಿಕೊಂಡ ಹಿಪ್ಪುನೇರಳೆಯ ಕಡ್ಡಿ ಎಲ್ಲಿ ಕತ್ತರಿಸಬೇಕು, ಗ್ಯಾಸ್ ರೆಗ್ಯುಲೇಟರ್, ಹಸುವಿಗೆ ಹೊಟ್ಟೆ ಉಬ್ಬರಿಸಿದರೆ ಯಾರನ್ನು ಕರೆಯಬೇಕು. ನಾನು ಬೇಕೆಂದೇ ತಪ್ಪು ಮಾಡುತ್ತೇನೆ ರಜನಿ. ಅವರು ಉಸಿರು ಹಿಡಿದು ಮತ್ತೆ ಮೊದಲಿನಿಂದ ಹೇಳಿಕೊಡುತ್ತಾರೆ. ಎಲ್ಲವನ್ನೂ ಕಲಿತೆ ಎಂದು ಅವರಿಗೆ ಅನ್ನಿಸುವುದು ನನಗೆ ಬೇಡ.